ಕಾಪೆಲ್‌ನಿಂದ ಕಡಲಿಗೆ: ಪುಟ್ಟ ವಿಮಾನದ ಬೆಟ್ಟದ ದಾರಿ

ಡಲ್ಲಾಸ್ ಪಕ್ಕದ ಕಾಪೆಲ್‌ನಲ್ಲಿ ಮನೆ ಮಾಡಿರುವ ಕನ್ನಡಿಗರಿಗೆ ವಿಮಾನದ ಸದ್ದು ಹೊಸದಲ್ಲ. ಊರಿನ ದಕ್ಷಿಣದ ಅಂಚು ಮುಗಿಯುತ್ತಿದ್ದಂತೆ 1974ರಲ್ಲಿ ಶುರುವಾದ ಡಲ್ಲಾಸ್–ಫೋರ್ಟ್ ವರ್ತ್ ವಿಮಾನ ನಿಲ್ದಾಣ ಸಿಗುತ್ತದೆ. ಅಪ್ಪ ಅಮ್ಮ ಊರಿಂದ ಬಂದಿಳಿಯುವುದು ಅಲ್ಲೇ, ಹಪ್ಪಳ ಚಟ್ನಿಪುಡಿ ತುಂಬಿದ ಸೂಟ್‌ಕೇಸು ಸಿಗುವುದೂ ಅಲ್ಲೇ. ಆದರೆ ಶನಿವಾರ ಬೆಳಿಗ್ಗೆ ಪೂರ್ವದ ಆಡಿಸನ್‌ಗೋ ಉತ್ತರದ ಡೆಂಟನ್‌ಗೋ ಹೋದರೆ ವಿಮಾನ ಯಾನದ ಇನ್ನೊಂದು ಮುಖ ಕಾಣುತ್ತದೆ. ಅಲ್ಲಿ ಟಿಕೆಟ್ಟೂ ಇಲ್ಲ, ಸರತಿ ಸಾಲೂ ಇಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಕಂಪ್ಯೂಟರ್ ಮುಂದೆ ಕೂತವರು, ಶಾಲೆಯಲ್ಲಿ ಪಾಠ ಮಾಡಿದವರು, ಹಲ್ಲು ಕಿತ್ತವರು ನಾಲ್ಕು ಸೀಟಿನ ಒಂದು ವಿಮಾನವನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆದು ತಾವೇ ಹಾರಿಸಿಕೊಂಡು ಹೋಗುತ್ತಾರೆ. ಹೆಚ್ಚಿನವರು ಪಕ್ಕದ ಊರಿನಲ್ಲಿ ಇಳಿದು ಊಟ ಮಾಡಿ ಬರುತ್ತಾರೆ. ಧೈರ್ಯವೂ ದೀರ್ಘ ವಾರಾಂತ್ಯವೂ ಇದ್ದವರು ಪಶ್ಚಿಮಕ್ಕೆ ಮೂತಿ ತಿರುಗಿಸಿ, ಬೆಟ್ಟಸಾಲು ದಾಟಿ, ಪೆಸಿಫಿಕ್ ಕಡಲ ದಂಡೆಯ ಸ್ಯಾನ್ ಡಿಯಾಗೋ ಮುಟ್ಟುತ್ತಾರೆ.

ನೇರ ಲೆಕ್ಕದಲ್ಲಿ ಇದು ಸುಮಾರು 1,880 ಕಿ.ಮೀ. ದಾರಿ. ಸೆಸ್ನಾ 172 ಎಂಬ ಸಾಮಾನ್ಯ ವಿಮಾನದ ವೇಗ ಗಂಟೆಗೆ ಸುಮಾರು 230 ಕಿ.ಮೀ. ಎದುರುಗಾಳಿ, ಪೆಟ್ರೋಲಿಗೆ ಇಳಿಯುವುದು, ಊಟ, ನಿದ್ದೆ ಎಲ್ಲ ಸೇರಿಸಿದರೆ ಎರಡು ದಿನ ಬೇಕು. ನೂರು ವರ್ಷಗಳ ಹಿಂದೆ ಇದೇ ನೆಲದ ಮೇಲೆ ಇದೇ ಕಡಲಿಗೆ ಹೊರಟವನೊಬ್ಬ ಪಟ್ಟ ಪಾಡು ನೋಡಿದರೆ, ಇಂದಿನ ಈ ಎರಡು ದಿನಗಳ ಬೆಲೆ ಗೊತ್ತಾಗುತ್ತದೆ.

ಹಳಿ ಹಿಡಿದು ಹಾರಿದವನು

1911ರ ಅಕ್ಟೋಬರ್ ಮೂರನೇ ವಾರ. ಕ್ಯಾಲ್ ರಾಜರ್ಸ್ ಎಂಬ ಎತ್ತರದ ಆಳು, ಬಾಲ್ಯದ ಕಾಯಿಲೆಯಿಂದ ಕಿವಿ ಮಂದವಾಗಿದ್ದವನು, ರೈಟ್ ಸಹೋದರರ ಕಾರ್ಖಾನೆಯ ಜೋಡಿ ರೆಕ್ಕೆಯ ವಿಮಾನದಲ್ಲಿ ಫೋರ್ಟ್ ವರ್ತ್, ಡಲ್ಲಾಸ್‌ಗಳಿಗೆ ಬಂದಿಳಿದ. ಅವನು ನ್ಯೂಯಾರ್ಕ್ ಬಿಟ್ಟದ್ದು ಸೆಪ್ಟೆಂಬರ್ 17ಕ್ಕೆ. ಅಮೆರಿಕವನ್ನು ಕಡಲಿನಿಂದ ಕಡಲಿಗೆ 30 ದಿನಗಳಲ್ಲಿ ದಾಟಿದವರಿಗೆ ಪತ್ರಿಕಾ ದೊರೆ ಹರ್ಸ್ಟ್ 50,000 ಡಾಲರ್ ಬಹುಮಾನ ಸಾರಿದ್ದ. ಡಲ್ಲಾಸ್ ಮುಟ್ಟುವ ಹೊತ್ತಿಗೆ ಆ ಗಡುವು ಮುಗಿದೇ ಹೋಗಿತ್ತು. ಆದರೂ ರಾಜರ್ಸ್ ಹಾರುತ್ತಲೇ ಇದ್ದ. ಖರ್ಚು ನೋಡಿಕೊಂಡದ್ದು ಆರ್ಮರ್ ಎಂಬ ಕಂಪನಿ. ತಾನು ಮಾರುತ್ತಿದ್ದ 'ವಿನ್ ಫಿಜ್' ಎಂಬ ದ್ರಾಕ್ಷಿ ಸೋಡಾದ ಹೆಸರನ್ನು ರೆಕ್ಕೆಯ ಮೇಲೆ ಬರೆಸಿ, ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಮೈಲಿಗೆ 5 ಡಾಲರ್, ಪಶ್ಚಿಮಕ್ಕೆ 4 ಡಾಲರ್ ಕೊಡಲು ಅದು ಒಪ್ಪಿತ್ತು.

ನ್ಯೂಯಾರ್ಕಿನಿಂದ ಕ್ಯಾಲಿಫೋರ್ನಿಯಕ್ಕೆ ಹೋಗುವವನು ಟೆಕ್ಸಾಸ್‌ಗೆ ಯಾಕೆ ಬಂದ? ಬೆಟ್ಟಕ್ಕೆ ಹೆದರಿ. 35 ಅಶ್ವಶಕ್ತಿಯ ಅವನ ಎಂಜಿನ್ನಿಗೆ ರಾಕಿ ಪರ್ವತ ಏರುವ ತ್ರಾಣ ಇರಲಿಲ್ಲ. ಅದೇ ಕಾಲಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಎದುರು ದಿಕ್ಕಿಗೆ ಹೊರಟಿದ್ದ ರಾಬರ್ಟ್ ಫೌಲರ್ ಸಿಯೆರಾ ನೆವಾಡಾ ಬೆಟ್ಟಗಳ ಡಾನರ್ ಕಣಿವೆಗೆ ಮತ್ತೆ ಮತ್ತೆ ನುಗ್ಗಿ, ಗಾಳಿಯ ಹೊಡೆತಕ್ಕೆ ಸೋತು ಹಿಂದಿರುಗಿದ್ದ. ಕೊನೆಗೆ ಅವನೂ ಲಾಸ್ ಏಂಜಲಿಸ್‌ಗೆ ಬಂದು ದಕ್ಷಿಣದ ದಾರಿಯನ್ನೇ ಹಿಡಿದ. ರಾಜರ್ಸ್ ಹಿಡಿದದ್ದೂ ಅದನ್ನೇ: ಡಲ್ಲಾಸ್, ವೇಕೊ, ಆಸ್ಟಿನ್, ಸ್ಯಾನ್ ಆಂಟೋನಿಯೊ, ಎಲ್ ಪಾಸೊ. ಬೆಟ್ಟ ತಗ್ಗಾಗಿರುವ ಕಡೆ ರೈಲು ಹಾಕಿದವರು ಆಗಲೇ ದಾರಿ ಹುಡುಕಿಟ್ಟಿದ್ದರು.

ಆ ರೈಲೇ ರಾಜರ್ಸ್‌ನ ನಕ್ಷೆ, ದಿಕ್ಸೂಚಿ, ಗ್ಯಾರೇಜು, ಮನೆ. ಮೇಲೆ ವಿಮಾನ ಹಾರುತ್ತಿದ್ದರೆ ಕೆಳಗೆ ಒಂದು ವಿಶೇಷ ರೈಲು ಹಿಂಬಾಲಿಸುತ್ತಿತ್ತು. ಅದರಲ್ಲಿ ಹೆಂಡತಿ, ತಾಯಿ, ಬಿಡಿಭಾಗಗಳ ಭಂಡಾರ, ಜೊತೆಗೆ 1903ರ ಮೊದಲ ರೈಟ್ ವಿಮಾನದ ಎಂಜಿನ್ನನ್ನು ಕೈಯಾರೆ ಮಾಡಿದ ಚಾರ್ಲಿ ಟೇಲರ್. ವಿಮಾನ ಬೀಳುವುದು, ರೈಲು ನಿಲ್ಲುವುದು, ಮುರಿದದ್ದನ್ನು ಕಟ್ಟುವುದು, ಮತ್ತೆ ಹಾರುವುದು. ಹೀಗೆ ಇಳಿದದ್ದೇ ಎಪ್ಪತ್ತರ ಆಸುಪಾಸು ಸಲ. ಕ್ಯಾಲಿಫೋರ್ನಿಯದ ಸಾಲ್ಟನ್ ಸರೋವರದ ಹತ್ತಿರ ಗಾಳಿಯಲ್ಲಿರುವಾಗಲೇ ಎಂಜಿನ್ ಸಿಡಿದು ಲೋಹದ ಚೂರುಗಳು ಅವನ ತೋಳಿಗೆ ಹೊಕ್ಕವು. ಆದರೂ ಇಳಿಸಿದ. ನವೆಂಬರ್ 5ಕ್ಕೆ, ಹೊರಟ 49 ದಿನಗಳ ಮೇಲೆ, ಪಸಡೀನಾ ಮುಟ್ಟಿದ. ಅಲ್ಲಿಂದ ಕಡಲಿಗೆ ಕೂಗಳತೆಯ ದೂರ. ಆ ಸಣ್ಣ ಹಾದಿಯಲ್ಲೂ ಬಿದ್ದು ಕಾಲು ಮುರಿದುಕೊಂಡು, ಡಿಸೆಂಬರ್ 10ಕ್ಕೆ ಲಾಂಗ್ ಬೀಚ್‌ನಲ್ಲಿ ವಿಮಾನದ ಚಕ್ರವನ್ನು ಪೆಸಿಫಿಕ್ ನೀರಿಗೆ ತಾಗಿಸಿದ. ನ್ಯೂಯಾರ್ಕಿನಲ್ಲಿ ಹೊರಟಾಗ ಇದ್ದ ಬಿಡಿಭಾಗಗಳಲ್ಲಿ ಕೊನೆಯವರೆಗೆ ಉಳಿದದ್ದು ಬೆರಳೆಣಿಕೆಯಷ್ಟು. ನಾಲ್ಕೇ ತಿಂಗಳಲ್ಲಿ, 1912ರ ಏಪ್ರಿಲ್ 3ರಂದು, ಅದೇ ಲಾಂಗ್ ಬೀಚ್‌ನಲ್ಲಿ ಹಾರುತ್ತಿದ್ದಾಗ ಕಡಲಹಕ್ಕಿಯೊಂದು ವಿಮಾನಕ್ಕೆ ಸಿಕ್ಕಿಕೊಂಡು ರಾಜರ್ಸ್ ಬಿದ್ದು ಸತ್ತ.

ರಾಜರ್ಸ್‌ನ ಸಾಹಸ ದೊಡ್ಡದು, ನಿಜ. ಆದರೆ ಅವನನ್ನು ಕಡಲು ಮುಟ್ಟಿಸಿದ್ದು ರೈಲು. ಮುಂದಿನ ನೂರು ವರ್ಷಗಳಲ್ಲಿ ಅಮೆರಿಕ ಮಾಡಿದ್ದೂ ಇಷ್ಟೇ: ಆ ರೈಲು ಕೊಡುತ್ತಿದ್ದ ನೆರವನ್ನು ಬಿಡಿಬಿಡಿಯಾಗಿ ನೆಲದ ಮೇಲೆ ಕಟ್ಟಿಟ್ಟಿತು.

ದೀಪಸ್ತಂಭ, ಯುದ್ಧ, ಹೊಲದಂಚಿನ ರನ್‌ವೇ

ಮೊದಲು ಬಂದದ್ದು ಬೆಳಕು. 1920ರ ದಶಕದಲ್ಲಿ ಟಪಾಲು ವಿಮಾನಗಳಿಗಾಗಿ ಸರ್ಕಾರ ದೇಶದುದ್ದಕ್ಕೂ ತಿರುಗುವ ದೀಪಗಳ ಕಂಬ ನೆಡಿಸಿತು. ಕಂಬದ ಬುಡದಲ್ಲಿ ಮುಂದಿನ ಕಂಬದ ದಿಕ್ಕು ತೋರಿಸುವ ಕಾಂಕ್ರೀಟಿನ ದೊಡ್ಡ ಬಾಣ. ಪಶ್ಚಿಮದ ಮರುಭೂಮಿಯಲ್ಲಿ ಆ ಬಾಣಗಳಲ್ಲಿ ಕೆಲವು ಈಗಲೂ ಹಾಗೇ ಬಿದ್ದಿವೆ. 1926ರ ಕಾಯ್ದೆ ಬಂದ ಮೇಲೆ ಪೈಲಟ್‌ಗೆ ಲೈಸೆನ್ಸ್, ವಿಮಾನಕ್ಕೆ ನೋಂದಣಿ, ದಾರಿಗೆ ದೀಪ ಇವೆಲ್ಲ ಕೇಂದ್ರ ಸರ್ಕಾರದ ಹೊಣೆಯಾದವು.

ಆಮೇಲೆ ಬಂದದ್ದು ಯುದ್ಧ. 1938ರ ಕೊನೆಗೆ ಅಧ್ಯಕ್ಷ ರೂಸ್‌ವೆಲ್ಟ್ ಕಾಲೇಜು ಹುಡುಗರಿಗೆ ವರ್ಷಕ್ಕೆ 20,000 ಮಂದಿಯಂತೆ ಹಾರಾಟ ಕಲಿಸುವ ಯೋಜನೆ ಪ್ರಕಟಿಸಿದರು. 1944ರ ಹೊತ್ತಿಗೆ ಅದರಲ್ಲಿ ಕಲಿತವರು ನಾಲ್ಕು ಲಕ್ಷ ದಾಟಿದ್ದರು. ಬಯಲು, ಬಿಸಿಲು, ತಿಳಿ ಆಕಾಶ ಇರುವ ಟೆಕ್ಸಾಸ್ ಇಡೀ ರಾಜ್ಯವೇ ತರಬೇತಿ ಮೈದಾನವಾಯಿತು. ಡಲ್ಲಾಸ್‌ನಿಂದ ಎಲ್ ಪಾಸೊ ದಾರಿಯಲ್ಲಿ ಸಿಗುವ ಸ್ವೀಟ್‌ವಾಟರ್ ಎಂಬ ಸಣ್ಣ ಊರಿನ ಅವೆಂಜರ್ ಫೀಲ್ಡ್‌ನಲ್ಲಿ 1943–44ರಲ್ಲಿ ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳು ಸೇನಾ ವಿಮಾನ ಹಾರಿಸಲು ಕಲಿತು ಹೊರಬಂದರು. ಯುದ್ಧ ಮುಗಿದ ಮೇಲೆ ಇಂಥ ನೂರಾರು ಸೇನಾ ರನ್‌ವೇಗಳನ್ನು ಸರ್ಕಾರ ಊರಿನ ನಗರಸಭೆಗಳಿಗೆ ಬಿಟ್ಟುಕೊಟ್ಟಿತು. ಷರತ್ತು ಮುಖ್ಯವಾಗಿ ಒಂದೇ: ಸಾರ್ವಜನಿಕರ ಹಾರಾಟಕ್ಕೆ ತೆರೆದಿಡಬೇಕು. ಸೇನೆಯಿಂದ ಮರಳಿದವರಿಗೆ ಸರ್ಕಾರಿ ಖರ್ಚಿನಲ್ಲಿ ಹಾರಾಟ ಕಲಿಯುವ ಸೌಲಭ್ಯವೂ ಸಿಕ್ಕಿತು. ಹೀಗೆ ಮೈದಾನವೂ ಉಳಿಯಿತು, ಹಾರುವ ಆಸೆಯೂ ಉಳಿಯಿತು.

ಇವೆರಡಕ್ಕೂ ಒಪ್ಪುವ ವಿಮಾನ 1956ರಲ್ಲಿ ಕಾನ್ಸಾಸ್‌ನ ವಿಚಿಟಾದಿಂದ ಮಾರುಕಟ್ಟೆಗೆ ಬಂತು. ಅದೇ ಸೆಸ್ನಾ 172. ರೆಕ್ಕೆ ತಲೆಯ ಮೇಲೆ, ಆದ್ದರಿಂದ ಕೆಳಗಿನ ನೆಲ ಚೆನ್ನಾಗಿ ಕಾಣುತ್ತದೆ. ತಪ್ಪು ಮಾಡಿದರೂ ಸಹಿಸಿಕೊಳ್ಳುವ ಸ್ವಭಾವ ಅದರದ್ದು. ಗಟ್ಟಿತನ ಎಷ್ಟೆಂದರೆ, ಇಬ್ಬರು 1958ರ ಡಿಸೆಂಬರ್‌ನಲ್ಲಿ ಲಾಸ್ ವೇಗಸ್‌ನಿಂದ ಇದೇ ಮಾದರಿಯಲ್ಲಿ ಮೇಲೇರಿ, ಕೆಳಗೆ ಓಡುವ ಲಾರಿಯಿಂದ ಪೆಟ್ರೋಲು, ಊಟ ಸೇದಿಕೊಳ್ಳುತ್ತ 64 ದಿನ ಗಾಳಿಯಲ್ಲೇ ಕಳೆದರು. ಇಲ್ಲಿಯವರೆಗೆ 44,000ಕ್ಕೂ ಹೆಚ್ಚು 172ಗಳು ತಯಾರಾಗಿವೆ. ಯಾವ ವಿಮಾನವೂ ಇಷ್ಟು ಸಂಖ್ಯೆಯಲ್ಲಿ ಹುಟ್ಟಿಲ್ಲ.

ನಡುವೆ ಒಂದು ಕೆಟ್ಟ ಕಾಲವೂ ಬಂದಿತ್ತು. 1978ರಲ್ಲಿ ಅಮೆರಿಕದ ಕಾರ್ಖಾನೆಗಳು 17,800ಕ್ಕೂ ಹೆಚ್ಚು ಸಣ್ಣ ವಿಮಾನ ಮಾಡಿದ್ದವು. 1994ಕ್ಕೆ ಆ ಸಂಖ್ಯೆ ಸಾವಿರಕ್ಕಿಂತ ಕೆಳಗಿಳಿಯಿತು. ದಶಕಗಳ ಹಿಂದೆ ಮಾರಿದ ವಿಮಾನ ಬಿದ್ದರೂ ಕಾರ್ಖಾನೆಯ ಮೇಲೆ ಮೊಕದ್ದಮೆ ಬೀಳುತ್ತಿದ್ದುದು ಇದಕ್ಕೊಂದು ದೊಡ್ಡ ಕಾರಣ. ಸೆಸ್ನಾ 1986ರಲ್ಲೇ ಈ ವರ್ಗದ ವಿಮಾನ ಮಾಡುವುದನ್ನು ನಿಲ್ಲಿಸಿತ್ತು. 18 ವರ್ಷ ದಾಟಿದ ವಿಮಾನಕ್ಕೆ ತಯಾರಕ ಹೊಣೆಯಲ್ಲ ಎಂಬ ಕಾಯ್ದೆ 1994ರಲ್ಲಿ ಬಂದ ಮೇಲೆ ಕಾರ್ಖಾನೆಯ ಬಾಗಿಲು ಮತ್ತೆ ತೆರೆಯಿತು.

ಎರಡು ದಿನದ ದಾರಿ

ಈಗ ಆ ಎರಡು ದಿನಗಳನ್ನು ನೋಡೋಣ. ಹೊರಡುವ ಮುನ್ನ ಪೈಲಟ್ ಒಂದು ಪಾರದರ್ಶಕ ಲೋಟ ಹಿಡಿದು ರೆಕ್ಕೆಯ ಕೆಳಗೆ ಬಗ್ಗುತ್ತಾರೆ. ಹೊಸ 172ರಲ್ಲಿ ಪೆಟ್ರೋಲ್ ಸೋಸಿ ನೋಡಲು 13 ಕಡೆ ತೂತುಗಳಿವೆ. ಒಂದೊಂದರಿಂದಲೂ ಸ್ವಲ್ಪ ಇಳಿಸಿ ಬೆಳಕಿಗೆ ಹಿಡಿಯಬೇಕು. ತಿಳಿನೀಲಿ ಇದ್ದರೆ ಸರಿಯಾದ ಪೆಟ್ರೋಲ್. ತಳದಲ್ಲಿ ಬಣ್ಣವಿಲ್ಲದ ಗುಳ್ಳೆ ಕೂತಿದ್ದರೆ ಅದು ನೀರು. ಆ ಒಂದು ಗುಳ್ಳೆ ಬೆಟ್ಟದ ಮೇಲೆ ಎಂಜಿನ್ ನಿಲ್ಲಿಸಬಲ್ಲದು. ಜೊತೆಗೆ ಬಂದ ಗೆಳೆಯ ಗಡಿಯಾರ ನೋಡಿಕೊಂಡರೂ ಈ ಕೆಲಸದಲ್ಲಿ ಅವಸರ ಮಾಡುವಂತಿಲ್ಲ. ಅಂದಹಾಗೆ, ಆ ಗೆಳೆಯ ಖರ್ಚಿನಲ್ಲಿ ತನ್ನ ಪಾಲನ್ನಷ್ಟೇ ಕೊಡಬಹುದು. ಹವ್ಯಾಸಿ ಲೈಸೆನ್ಸ್ ಇರುವವರು ಸಂಪಾದನೆಗೆ ಹಾರಿಸುವಂತಿಲ್ಲ ಎಂಬುದು ನಿಯಮ. ಲೈಸೆನ್ಸಿಗೆ 17 ವರ್ಷ ವಯಸ್ಸು, ಕನಿಷ್ಠ 40 ಗಂಟೆ ಹಾರಾಟ ಬೇಕು. ಹೆಚ್ಚಿನವರಿಗೆ ಅರವತ್ತಾದರೂ ಹಿಡಿಯುತ್ತದೆ.

ಸ್ವೀಟ್‌ವಾಟರ್, ಮಿಡ್ಲಂಡ್ ದಾಟುತ್ತ ನೆಲ ತಾನಾಗಿ ಮೇಲೇರುತ್ತ ಹೋಗುತ್ತದೆ. ದಾರಿಯ ಸಣ್ಣ ನಿಲ್ದಾಣಗಳಲ್ಲಿ ಕಂಟ್ರೋಲ್ ಟವರ್ ಇಲ್ಲ, ಎಷ್ಟೋ ಸಲ ಒಬ್ಬ ಮನುಷ್ಯನೂ ಇರುವುದಿಲ್ಲ. ಯಂತ್ರವೇ ಗಾಳಿಯ ದಿಕ್ಕು, ಮೋಡದ ಎತ್ತರ ಅಳೆದು ರೇಡಿಯೊದಲ್ಲಿ ಓದಿ ಹೇಳುತ್ತಿರುತ್ತದೆ. ಇಳಿಯುವವರು 'ನಾನು ಪೂರ್ವದಿಂದ ಬರುತ್ತಿದ್ದೇನೆ, ಇಂಥ ರನ್‌ವೇಗೆ ಇಳಿಯುತ್ತೇನೆ' ಎಂದು ತಾವೇ ಸಾರುತ್ತ ಇಳಿಯಬೇಕು. ರಾತ್ರಿಯಾದರೆ ರೇಡಿಯೊದ ಗುಂಡಿಯನ್ನು ಐದು ಸೆಕೆಂಡಿನೊಳಗೆ ಏಳು ಸಲ ಒತ್ತಿದರಾಯಿತು, ಕತ್ತಲಲ್ಲಿದ್ದ ರನ್‌ವೇಯ ದೀಪಗಳೆಲ್ಲ ಹೊತ್ತಿಕೊಳ್ಳುತ್ತವೆ. ಪೆಟ್ರೋಲ್ ಪಂಪಿಗೆ ಕಾರ್ಡ್ ಉಜ್ಜಿ ತಾವೇ ತುಂಬಿಕೊಳ್ಳಬೇಕು. ಊಟಕ್ಕೆ ಊರೊಳಗೆ ಹೋಗಿಬರಲು ಎಷ್ಟೋ ಕಡೆ ಒಂದು ಹಳೇ ಕಾರನ್ನು ಬೀಗದ ಕೈ ಸಮೇತ ಇಟ್ಟಿರುತ್ತಾರೆ. ವಾಪಸ್ ಬರುವಾಗ ಅದಕ್ಕೆ ಸ್ವಲ್ಪ ಪೆಟ್ರೋಲ್ ಹಾಕಿಸುವುದು ಮರ್ಯಾದೆ. ರಾಜರ್ಸ್‌ನ ಹಿಂದೆ ಓಡಿದ ರೈಲು ಈಗ ಹೀಗೆ ಊರೂರಲ್ಲಿ ಹಂಚಿಹೋಗಿದೆ.

ಮುಂದೆ ಗ್ವಾಡಲೂಪ್ ಬೆಟ್ಟಸಾಲು. ಅದರ ತುದಿ 8,751 ಅಡಿ, ಟೆಕ್ಸಾಸ್‌ನ ಅತಿ ಎತ್ತರದ ಜಾಗ. ಪಕ್ಕದ ಕಣಿವೆದಾರಿ ಸುಮಾರು 5,400 ಅಡಿ. ತುದಿಯ ಮೇಲೆ ಉಕ್ಕಿನ ಪುಟ್ಟ ಪಿರಮಿಡ್ ಒಂದಿದೆ. 1858ರಲ್ಲಿ ಇದೇ ಕಣಿವೆಯಲ್ಲಿ ಹಾದುಹೋದ ಕುದುರೆಗಾಡಿ ಟಪಾಲಿಗೆ ನೂರು ತುಂಬಿದಾಗ ಅಮೆರಿಕನ್ ಏರ್‌ಲೈನ್ಸ್ ಅದನ್ನು ನಿಲ್ಲಿಸಿತು. ಕುದುರೆಗೆ ದಾರಿ ಬಿಟ್ಟ ಬೆಟ್ಟ ಸಣ್ಣ ವಿಮಾನಕ್ಕೂ ಬಿಡುತ್ತದೆ, ಆದರೆ ಗಾಳಿ ಸುಮ್ಮನಿದ್ದರೆ ಮಾತ್ರ. ಈ ಕಣಿವೆಯ ಬಿರುಗಾಳಿ ಕುಖ್ಯಾತ.

ಬೆಟ್ಟದ ಹಾರಾಟದಲ್ಲಿ ಹೊಸಬರನ್ನು ಕೊಲ್ಲುವುದು ಎರಡು ಸಂಗತಿ. ಒಂದು ಬಿಸಿಲು. ಎಲ್ ಪಾಸೊ ನಿಲ್ದಾಣವೇ ಸುಮಾರು 3,960 ಅಡಿ ಎತ್ತರದಲ್ಲಿದೆ. ಬೇಸಿಗೆಯಲ್ಲಿ 38 ಡಿಗ್ರಿ ಸುಡುವಾಗ ಗಾಳಿ ತೆಳುವಾಗಿ, ವಿಮಾನದ ಪಾಲಿಗೆ ಅದು ಏಳೂವರೆ ಸಾವಿರ ಅಡಿಗೂ ಮೇಲಿನ ಜಾಗವಾಗುತ್ತದೆ. ಎಂಜಿನ್ ಸೊರಗುತ್ತದೆ, ರೆಕ್ಕೆ ಎತ್ತುವುದಿಲ್ಲ, ರನ್‌ವೇ ಸಾಲುವುದಿಲ್ಲ. ಅದಕ್ಕೇ ಬೆಟ್ಟ ದಾಟುವವರು ಸೂರ್ಯ ಹುಟ್ಟುವ ಹೊತ್ತಿಗೇ ಹೊರಡುತ್ತಾರೆ.

ಎರಡನೆಯದು ಬೆಟ್ಟದ ಮರೆಯ ಗಾಳಿ. ಅರಿಜೋನಾ ದಾಟಿ, ಯೂಮಾ ಬಿಟ್ಟ ಮೇಲೆ ಇಂಪೀರಿಯಲ್ ಕಣಿವೆ ಬರುತ್ತದೆ. ಇಲ್ಲಿ ನೆಲ ಸಮುದ್ರಮಟ್ಟಕ್ಕಿಂತಲೂ ಕೆಳಗೆ. ಇಳಿದು ನಿಂತರೆ ವಿಮಾನದ ಎತ್ತರಮಾಪಕದ ಮುಳ್ಳು ಸೊನ್ನೆಯ ಹಿಂದೆ ಹೋಗುತ್ತದೆ. ರಾಜರ್ಸ್‌ನ ಎಂಜಿನ್ ಸಿಡಿದ ಪ್ರದೇಶವೂ ಇದೇ. ಅಲ್ಲಿಂದ ಎದ್ದವರಿಗೆ ಎದುರಿಗೇ ಲಗೂನಾ ಬೆಟ್ಟಗಳ ಗೋಡೆ. ಅದರಾಚೆ ಕಡಲು. ಗಾಳಿ ಸಾಮಾನ್ಯವಾಗಿ ಕಡಲ ಕಡೆಯಿಂದ ಬೀಸಿ, ಬೆಟ್ಟ ಹತ್ತಿ, ಈಚೆಗೆ ಜಲಪಾತದಂತೆ ಧುಮುಕುತ್ತದೆ. ಪಶ್ಚಿಮಕ್ಕೆ ಹೋಗುವ ವಿಮಾನ ನೇರ ಆ ಧುಮುಕುವ ಗಾಳಿಯ ಬಾಯಿಗೇ ಹೋಗುತ್ತದೆ. ಏರುವ ಶಕ್ತಿಗಿಂತ ಬೀಳುವ ಗಾಳಿ ಜೋರಾದರೆ ಎಷ್ಟು ಎಕ್ಸಲರೇಟರ್ ಕೊಟ್ಟರೂ ವಿಮಾನ ಇಳಿಯುತ್ತಲೇ ಇರುತ್ತದೆ. ಆದ್ದರಿಂದ ಹಳಬರ ನಿಯಮ: ಬೆಟ್ಟದ ನೆತ್ತಿಗಿಂತ ಎರಡು ಸಾವಿರ ಅಡಿ ಮೇಲಿರು, ದೂರದಲ್ಲೇ ಎತ್ತರ ಸಂಪಾದಿಸು, ನೆತ್ತಿಯನ್ನು ನೇರ ದಾಟಬೇಡ, 45 ಡಿಗ್ರಿ ಓರೆಯಾಗಿ ಹೋಗು, ಅನುಮಾನ ಬಂದರೆ ಆ ಓರೆಯಿಂದಲೇ ತಿರುಗಿ ಹಿಂದಕ್ಕೆ ಬಾ. ಕೆಳಗೆ ಹೆದ್ದಾರಿ 8 ಕಣ್ಣಳತೆಯಲ್ಲಿರಲಿ ಎಂಬುದೂ ಅದರಲ್ಲಿ ಸೇರಿದೆ. ನೂರು ವರ್ಷವಾದ ಮೇಲೂ ಹಳಿಯ ಬುದ್ಧಿ ಪೂರ್ತಿ ಬಿಟ್ಟಿಲ್ಲ!

ಬಳ್ಳಾರಿಗೆ ಬಂದ ಪತಂಗ, ಬೆಂಗಳೂರಿನ ಪುಷ್ಪಕ

ಇದನ್ನೆಲ್ಲ ಓದುವ ಕನ್ನಡಿಗರಿಗೆ ನಮ್ಮ ಘಟ್ಟ ನೆನಪಾಗದಿರದು. ಅಲ್ಲೂ ಇದೇ ಭೂಗೋಳ. ಪೂರ್ವಕ್ಕೆ ಎತ್ತರದ ಬಯಲು, ನಡುವೆ ಸಹ್ಯಾದ್ರಿ, ಪಶ್ಚಿಮಕ್ಕೆ ಕಡಲು. ಮಳೆಗಾಲದ ನೈಋತ್ಯ ಮಾರುತ ಘಟ್ಟ ಹತ್ತಿ ಈಚೆಗೆ ಇಳಿಯುವುದೂ ಹಾಗೇ. ಬೆಂಗಳೂರಿನಿಂದ ಮಂಗಳೂರಿಗೆ ಹಾರುವವರು ಗಾಳಿಯ ಮರೆಯ ಕಡೆಯಿಂದಲೇ ಬೆಟ್ಟ ಸಮೀಪಿಸಬೇಕು. ದೂರ ಮಾತ್ರ ಬಹಳ ಕಡಿಮೆ, ಸುಮಾರು 300 ಕಿ.ಮೀ. ಸೆಸ್ನಾಗೆ ಒಂದೂವರೆ ಗಂಟೆಯೂ ಬೇಡ.

ಪುಟ್ಟ ವಿಮಾನ ಈ ಘಟ್ಟವನ್ನು ದಾಟಿದ್ದೂ ಇಂದು ನಿನ್ನೆಯಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ 'ಪಸ್ ಮಾತ್' (ಮಾತ್ ಎಂದರೆ ಪತಂಗ) ಎಂಬ ಒಂಟಿ ಎಂಜಿನ್ನಿನ ವಿಮಾನದಲ್ಲಿ ಟಪಾಲು ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ಪಶ್ಚಿಮ ಘಟ್ಟದ ಮೇಲಿಂದ ಬಳ್ಳಾರಿಗೆ ಹಾರಿಸಿ, ಆಮೇಲೆ ಮದರಾಸಿನ ಕಡಲು ಮುಟ್ಟಿಸಿದರು. ರೇಡಿಯೊ ಇಲ್ಲ, ದಾರಿದೀಪ ಇಲ್ಲ. ಮಳೆಗಾಲದಲ್ಲಿ ಜುಹುವಿನ ಕೆಸರುಗದ್ದೆಯಲ್ಲಿ ವಿಮಾನ ಇಳಿಸಲಾಗದೆ ಪುಣೆಗೆ ಠಿಕಾಣಿ ಬದಲಿಸಬೇಕಾಗುತ್ತಿತ್ತು. ಭಾರತದ ವಾಯುಯಾನದ ಮೊದಲ ಪುಟದಲ್ಲೇ ಬಳ್ಳಾರಿಯ ಹೆಸರಿದೆ ಎಂಬುದು ಬಳ್ಳಾರಿಯವರಿಗೂ ಅಷ್ಟಾಗಿ ನೆನಪಿಲ್ಲ. ಘಟ್ಟದ ಕೆಳಗಿನ ಬಜ್ಪೆಗೆ ರನ್‌ವೇ ಬಂದದ್ದು ಸ್ವಾತಂತ್ರ್ಯದ ನಂತರ. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಡಕೋಟಾ ವಿಮಾನದಲ್ಲಿ ಇಳಿದು ಅದನ್ನು ಉದ್ಘಾಟಿಸಿದರು.

ವಿಮಾನ ಮಾಡುವ ವಿದ್ಯೆಯೂ ನಮಗೆ ತಡವಾಗಿ ಬರಲಿಲ್ಲ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಡಾ. ವಿ.ಎಂ. ಘಾಟಗೆ ಅವರ ತಂಡ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲೇ ಹಾರಿತು. ಫ್ಲೈಯಿಂಗ್ ಕ್ಲಬ್‌ಗಳಿಗೆಂದೇ ಮಾಡಿದ ಎರಡು ಸೀಟಿನ 'ಪುಷ್ಪಕ' 1958ರ ಸೆಪ್ಟೆಂಬರ್ 28ರಂದು ಮೊದಲ ಬಾರಿ ಮೇಲೇರಿತು. ಅಂದರೆ ಸೆಸ್ನಾ 172 ಅಂಗಡಿಗೆ ಬಂದ ಎರಡೇ ವರ್ಷಕ್ಕೆ ನಮ್ಮದೂ ಬಂತು. ರೆಕ್ಕೆ ತಲೆಯ ಮೇಲೆ, 90 ಅಶ್ವಶಕ್ತಿಯ ಎಂಜಿನ್, ಬಟ್ಟೆ ಹೊದೆಸಿದ ಮೈ. ದೇಶದ ಎಷ್ಟೋ ಪೈಲಟ್‌ಗಳು ಅದರಲ್ಲೇ ಅಕ್ಷರಾಭ್ಯಾಸ ಮಾಡಿದರು. ಆದರೆ ತಯಾರಾದದ್ದು ಸುಮಾರು 160 ಮಾತ್ರ. ಅಲ್ಲಿ 44,000, ಇಲ್ಲಿ 160. ಎಂಜಿನಿಯರುಗಳ ಕೊರತೆಯಿಂದ ಈ ಅಂತರ ಹುಟ್ಟಲಿಲ್ಲ. ಪುಷ್ಪಕ ಕೊಂಡವರು ಹಾರಿಸಿಕೊಂಡು ಹೋಗಿ ಇಳಿಯಲು ಊರೂರಲ್ಲಿ ಜಾಗ ಇರಲಿಲ್ಲ.

ಬೆಂಗಳೂರಿನ ಎನ್‌ಎಎಲ್ ಸಂಸ್ಥೆಯ 'ಹಂಸ' 1993ರ ನವೆಂಬರ್‌ನಲ್ಲಿ ಹಾರಿತು. ಅದರ ಹೊಸ ರೂಪ 'ಹಂಸ-ಎನ್‌ಜಿ' 2021ರ ಸೆಪ್ಟೆಂಬರ್ 3ರಂದು ಮೇಲೇರಿತು, 2022ರ ಫೆಬ್ರುವರಿಯಲ್ಲಿ ಬೆಂಗಳೂರಿನಿಂದ ಪುದುಚೇರಿಯ ಕಡಲ ದಂಡೆಗೆ ಒಂದೂವರೆ ಗಂಟೆಯಲ್ಲಿ ತಾನೇ ಹಾರಿಕೊಂಡು ಹೋಗಿ ಪರೀಕ್ಷೆ ಮುಗಿಸಿತು. ಸಣ್ಣ ವಿಮಾನಕ್ಕೆ ಬೇಕಾದ ವಿಶೇಷ ಪೆಟ್ರೋಲನ್ನು ನಾವು ಪೂರ್ತಿ ಹೊರಗಿಂದ ತರಿಸುತ್ತಿದ್ದೆವು. 2022ರಿಂದ ಇಂಡಿಯನ್ ಆಯಿಲ್ ಗುಜರಾತಿನಲ್ಲಿ ತಯಾರಿಸುತ್ತಿದೆ. ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಏಳು ದಶಕಕ್ಕೂ ಹಿಂದಿನದು. 2023ರ ಫೆಬ್ರುವರಿಯಲ್ಲಿ ಶಿವಮೊಗ್ಗದಲ್ಲಿ, ಘಟ್ಟದ ಬಾಗಿಲಲ್ಲೇ, ಹೊಸ ವಿಮಾನ ನಿಲ್ದಾಣ ತೆರೆಯಿತು.

ಕಾಪೆಲ್‌ನ ಕನ್ನಡಿಗರೊಬ್ಬರು ವಾರಾಂತ್ಯಕ್ಕೆ ಬೆಟ್ಟ ದಾಟಿ ಕಡಲು ನೋಡಿಬರುವುದು ಶ್ರೀಮಂತಿಕೆಯ ಮಾತು ಎಂದು ಸುಮ್ಮನಾಗುವುದು ಸುಲಭ. ದುಡ್ಡು ಬೇಕು, ನಿಜ. ಆದರೆ ಅದೇ ಆದಾಯದವರು ಬೆಂಗಳೂರಿನಲ್ಲೂ ಬೇಕಾದಷ್ಟಿದ್ದಾರೆ. ಇಲ್ಲದಿರುವುದು ಪೆಟ್ರೋಲ್ ಪಂಪಿರುವ ಸಣ್ಣ ರನ್‌ವೇಗಳ ಸಾಲು, ಘಟ್ಟದ ನೆತ್ತಿಯ ಗಾಳಿ ಎಷ್ಟಿದೆ ಎಂದು ಗಳಿಗೆಗೊಮ್ಮೆ ಹೇಳುವ ಯಂತ್ರಗಳು, ಹವ್ಯಾಸಿಯೂ ಆಕಾಶದ ಹಕ್ಕುದಾರ ಎಂದು ಒಪ್ಪುವ ನಿಯಮ. ಇವು ಸಿರಿವಂತರ ಶೋಕಿಗಷ್ಟೇ ಅಲ್ಲ, ಪ್ರವಾಹಕ್ಕೆ ಸಿಕ್ಕ ಊರಿಗೂ, ತುರ್ತಾಗಿ ದೊಡ್ಡ ಆಸ್ಪತ್ರೆ ಸೇರಬೇಕಾದ ರೋಗಿಗೂ ಬೇಕಾದವು. ಪ್ರತಿ ಜಿಲ್ಲೆಗೂ ಟರ್ಮಿನಲ್ ಕಟ್ಟಡದ ಶಂಕುಸ್ಥಾಪನೆ ಮಾಡುವ ಉತ್ಸಾಹದಲ್ಲಿ ಒಂದಂಶ ಹಾಸನ, ಚಿಕ್ಕಮಗಳೂರು, ಉತ್ತರ ಕನ್ನಡಗಳಲ್ಲಿ ಒಂದೊಂದು ಸಾದಾ ರನ್‌ವೇ, ಒಂದೊಂದು ಹವಾಮಾನ ಯಂತ್ರ ಇಡುವ ಕಡೆ ಹರಿಯಲಿ. ಹಾರಿಸುವವರೂ ವಿಮಾನವೂ ಬೆಂಗಳೂರಿನಲ್ಲಿ ಆಗಲೇ ಇದ್ದಾರೆ.